1955ರ ಬೆಲ್ ಏರ್ ಮತ್ತು ಸಿಟ್ರೊಯೆನ್ ಡಿಎಸ್: ಯಾವುದು ದೊಡ್ಡ ಹೆಜ್ಜೆ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಹಳೇ ಅಮೆರಿಕನ್ ಕಾರು ಚೆಂದವೋ, ಯುರೋಪಿನ ಕಾರು ಚೆಂದವೋ ಅನ್ನುವ ಮಾತು ನಮ್ಮಲ್ಲಿ ಆಗಾಗ ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡರೆ ಅದು ಮುಗಿಯುವುದೇ ಇಲ್ಲ. ಅದಕ್ಕೆ ಒಂದೇ ವರ್ಷ, ಎರಡೇ ಕಾರು ಆರಿಸಿಕೊಂಡಿದ್ದೇನೆ.

ವರ್ಷ 1955. ಅಮೆರಿಕದಲ್ಲಿ ಹೊಚ್ಚ ಹೊಸ ಶೆವರ್ಲೆ. ಅದರಲ್ಲಿ ಮೇಲ್ದರ್ಜೆಯದು ಬೆಲ್ ಏರ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಮೋಟಾರ್ ಶೋದಲ್ಲಿ ಸಿಟ್ರೊಯೆನ್ ಡಿಎಸ್ 19. ಎರಡೂ ಹತ್ತಿರ ಹತ್ತಿರ ಐದು ಮೀಟರ್ ಉದ್ದದ ಕಾರುಗಳು. ಎರಡೂ ಮನೆಮಂದಿ ಕೂತು ಊರಿಗೆ ಹೋಗಲಿ ಅಂತ ಮಾಡಿದವು. ಆದರೆ ಬಾನೆಟ್ ಎತ್ತಿ ನೋಡಿ, ಆಮೇಲೆ ಬಗ್ಗಿ ಗಾಡಿಯ ಅಡಿ ನೋಡಿ. ಎರಡೂ ಒಂದೇ ಕಾಲದವು ಅಂತ ನಂಬುವುದೇ ಕಷ್ಟ.

ಬೆಲ್ ಏರ್‌ನಲ್ಲಿ ಹೊಸ ವಿ8 ಇಂಜಿನ್, ಅಂದರೆ ಎಂಟು ಸಿಲಿಂಡರ್ ವಿ ಆಕಾರದಲ್ಲಿ ಕೂತದ್ದು. 265 ಘನ ಇಂಚು, ಅಂದರೆ 4.3 ಲೀಟರ್. ಶುರುವಿನಲ್ಲೇ 162 ಎಚ್‌ಪಿ. ಅಡಿಯಲ್ಲಿ ಮಾತ್ರ ಬೇರೆ ಕಥೆ. ಪ್ರತ್ಯೇಕ ಚಾಸಿ, ಹಿಂದೆ ಪಟ್ಟಿ ಸ್ಪ್ರಿಂಗ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್.

ಡಿಎಸ್ ಪೂರ್ತಿ ಉಲ್ಟಾ. ಇಂಜಿನ್ 1,911 ಸಿಸಿ, ನಾಲ್ಕು ಸಿಲಿಂಡರ್, 75 ಎಚ್‌ಪಿ. ಅದು ಸಿಟ್ರೊಯೆನ್‌ನದೇ ಹಿಂದಿನ ಟ್ರಾಕ್ಸಿಯೋನ್ ಅವಾಂ ಕಾರಿನಿಂದ ಬಂದ ಹಳೇ ಇಂಜಿನ್ನೇ. ಹೊಸದಾಗಿ ಆರು ಸಿಲಿಂಡರ್ ಇಂಜಿನ್ ಮಾಡುವ ಯೋಚನೆ ಇತ್ತು, ಅದು ಕೈಗೂಡಲಿಲ್ಲ. ಆದರೆ ಉಳಿದದ್ದೆಲ್ಲ ಹೊಸದು. ಲೋಹದ ಸ್ಪ್ರಿಂಗ್ ಬದಲು ಗ್ಯಾಸ್ ಮತ್ತು ಎಣ್ಣೆ. ಮುಂದೆ ಡಿಸ್ಕ್ ಬ್ರೇಕ್. ಪವರ್ ಸ್ಟೇರಿಂಗ್. ಕ್ಲಚ್ ಪೆಡಲ್ ಇಲ್ಲದ ಗೇರ್. ಫೈಬರ್ ಗ್ಲಾಸ್ ಛಾವಣಿ. ಒಂದೇ ಕಡ್ಡಿಯ ಸ್ಟೇರಿಂಗ್ ಚಕ್ರ. ಶೋ ಶುರುವಾಗಿ 15 ನಿಮಿಷದಲ್ಲಿ 743 ಜನ ಬುಕ್ ಮಾಡಿದರು. ಮೊದಲ ದಿನ ಮುಗಿಯುವ ಹೊತ್ತಿಗೆ 12,000 ಆರ್ಡರ್.

ನನ್ನ ಮಟ್ಟಿಗೆ ಡಿಎಸ್‌ದೇ ದೊಡ್ಡ ಹೆಜ್ಜೆ. ವಿ8 ಇಂಜಿನ್ ಮೊದಲೂ ಇತ್ತು. ಡಿಎಸ್ ಥರದ ಕಾರು ಮೊದಲು ಇರಲೇ ಇಲ್ಲ. ನೀವೇನಂತೀರಿ?


ಮಿಶಿಗನ್_ಕನ್ನಡಿಗ

ತುಂಗಾತೀರ ಸರ್, ಒಳ್ಳೆಯ ಜೋಡಿ ಆರಿಸಿದ್ದೀರಿ. ಆದರೆ ನಾನು ಶೆವರ್ಲೆ ಪಕ್ಷ. ಕಾರಣ ಹೇಳುತ್ತೇನೆ.

ವಿ8 ಮೊದಲೂ ಇತ್ತು, ನಿಜ. ಫೋರ್ಡ್ 1932ರಲ್ಲೇ ಕಡಿಮೆ ಬೆಲೆಯ ಕಾರಿಗೆ ವಿ8 ಹಾಕಿತ್ತು. ಶೆವರ್ಲೆಯಲ್ಲಿ ದಶಕಗಳ ಕಾಲ ಆರು ಸಿಲಿಂಡರ್ ಇಂಜಿನ್ ಮಾತ್ರ ಇತ್ತು. ಒಳ್ಳೆಯ ಇಂಜಿನ್ನೇ, ಆದರೆ ಹುಡುಗರು ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಎಡ್ ಕೋಲ್ ಅನ್ನುವ ಇಂಜಿನಿಯರ್ ಮುಖ್ಯಸ್ಥರಾಗಿ ಬಂದ ಮೇಲೆ ಈ 265 ಹುಟ್ಟಿತು. ಅವರ ತಂಡ ಮಾಡಿದ್ದು ತೂಕ ಇಳಿಸುವ, ಖರ್ಚು ಇಳಿಸುವ ಕೆಲಸ. ಅದನ್ನು ಸಣ್ಣದು ಅನ್ನಬೇಡಿ.

ರಾಕರ್ ಆರ್ಮ್, ಅಂದರೆ ವಾಲ್ವ್ ಒತ್ತಿ ತೆರೆಯುವ ತೋಳು ನೋಡಿ. ಆಗಿನ ವಿ8ಗಳಲ್ಲಿ ಒಂದು ಉದ್ದನೆಯ ಶಾಫ್ಟ್, ಅದರ ಮೇಲೆ ಎರಕ ಹೊಯ್ದ ಭಾರದ ರಾಕರ್‌ಗಳು. ಈ ಇಂಜಿನ್‌ನಲ್ಲಿ ಶಾಫ್ಟೇ ಇಲ್ಲ. ತಗಡನ್ನು ಒತ್ತಿ ಮಾಡಿದ ಹಗುರ ರಾಕರ್, ಪ್ರತಿಯೊಂದಕ್ಕೂ ಬೇರೆ ಸ್ಟಡ್, ಮೇಲೊಂದು ನಟ್. ವಾಲ್ವ್ ಸೆಟ್ ಮಾಡಬೇಕಾ? ಆ ನಟ್ ತಿರುಗಿಸಿದರೆ ಆಯ್ತು. ರಾಕರ್ ಹಗುರ ಆದದ್ದರಿಂದ ಇಂಜಿನ್ ಜಾಸ್ತಿ ಸುತ್ತು ತಿರುಗಬಲ್ಲದು. ಬೋರ್ (ಸಿಲಿಂಡರ್ ವ್ಯಾಸ) 3.75 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಬರೀ 3 ಇಂಚು. ಬ್ಲಾಕ್ ಎಷ್ಟು ಹಗುರವಾಗಿತ್ತು ಅಂದರೆ, ಎಂಟು ಸಿಲಿಂಡರ್ ಇದ್ದೂ ಅದೇ ಕಾರಿಗೆ ಬರುತ್ತಿದ್ದ ಆರು ಸಿಲಿಂಡರ್ ಇಂಜಿನ್‌ಗಿಂತ ತೂಕ ಕಡಿಮೆ.

ಆಮೇಲೆ ಏನಾಯ್ತು ನೋಡಿ. 1957ಕ್ಕೆ 283 ಘನ ಇಂಚು, 1962ಕ್ಕೆ 327, 1967ಕ್ಕೆ 350. ಮೂಲ ವಿನ್ಯಾಸ ಅದೇ. 2011ರಲ್ಲಿ ಶೆವರ್ಲೆಯ ಒಡೆಯ ಜನರಲ್ ಮೋಟಾರ್ಸ್ ಹತ್ತು ಕೋಟಿಯ ಸ್ಮಾಲ್ ಬ್ಲಾಕ್ (ಈ ಇಂಜಿನ್ ವಂಶದ ಹೆಸರು) ತಯಾರಿಸಿದ್ದಾಗಿ ಹೇಳಿತು. ಹತ್ತು ಕೋಟಿ! ದೋಣಿಗೆ, ಲಾರಿಗೆ, ರೇಸ್ ಕಾರಿಗೆ, ಬೇರೆ ಕಂಪನಿಯ ಗಾಡಿಗೆ, ಎಲ್ಲದಕ್ಕೂ ಇದೇ ಇಂಜಿನ್ ಕೂತಿದೆ. ಯಾವ ಊರಿನ ಅಂಗಡಿಗೆ ಹೋದರೂ ಬಿಡಿಭಾಗ ಸಿಗುತ್ತದೆ. ಸಾಮಾನ್ಯ ಮನುಷ್ಯನ ಕೈಗೆ ವೇಗ ಕೊಟ್ಟ ಇಂಜಿನ್ ಇದು. ನನಗೆ ಹೆಜ್ಜೆ ಅಂದರೆ ಇದು.

ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್ ಹತ್ತಿರ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್ ನಡೆಯುತ್ತದೆ. 1995ರಿಂದ ಶುರುವಾದದ್ದು. ರಸ್ತೆ ಬದಿ ಕುರ್ಚಿ ಹಾಕಿಕೊಂಡು ಮುದುಕರು, ಮಕ್ಕಳು, ಎಲ್ಲ ಕೂತಿರುತ್ತಾರೆ. ಅಲ್ಲಿ 55, 56, 57ರ ಶೆವರ್ಲೆಗಳು ಸಾಲಾಗಿ ಬರುವುದನ್ನು ಒಮ್ಮೆ ನೋಡಬೇಕು. ಟ್ರೈ ಫೈವ್ ಅಂತಾರೆ ಈ ಮೂರು ವರ್ಷದ ಗಾಡಿಗಳನ್ನು. ಆ ಸೈಲೆನ್ಸರ್ ಸದ್ದು ಎದೆಗೇ ಬಂದು ತಾಗುತ್ತದೆ.


ಹುಬ್ಬಳ್ಳಿ_ಹುಡುಗ

ನಾನು ಡಿಪ್ಲೊಮಾ ಆಟೊಮೊಬೈಲ್ ಓದುತ್ತಿದ್ದೇನೆ. ಸರ್, ಎರಡು ಪ್ರಶ್ನೆ. ಒಂದು, ಡಿಎಸ್‌ನಲ್ಲಿ ಸ್ಪ್ರಿಂಗ್ ಇಲ್ಲ ಅಂದರೆ ಗಾಡಿ ನಿಂತಿರುವುದು ಯಾವುದರ ಮೇಲೆ? ಎರಡು, 4.3 ಲೀಟರ್‌ಗೆ 162 ಎಚ್‌ಪಿ ಅಂದರೆ ಈಗಿನ ಲೆಕ್ಕದಲ್ಲಿ ಕಡಿಮೆ ಅಲ್ವಾ?


ಸ್ಟುಟ್‌ಗಾರ್ಟ್_ಅಕ್ಕ

ತಮ್ಮಾ, ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಇಲ್ಲಿ ನನ್ನ ಪಕ್ಕದ ಮನೆಯವರ ಹತ್ತಿರ ಒಂದು ಡಿಎಸ್ ಇದೆ, ಅದರ ಅಡಿಯಲ್ಲಿ ಮಲಗಿ ನೋಡುವ ಅವಕಾಶ ನನಗೆ ಸಿಕ್ಕಿದೆ.

ಪ್ರತಿ ಚಕ್ರಕ್ಕೂ ಒಂದು ಕಬ್ಬಿಣದ ಗೋಳ ಇರುತ್ತದೆ. ತೆಂಗಿನಕಾಯಿ ಗಾತ್ರ ಅಂದುಕೊಳ್ಳಿ. ಗೋಳದ ಒಳಗೆ ಮಧ್ಯಕ್ಕೆ ಒಂದು ರಬ್ಬರ್ ಪರದೆ. ಪರದೆಯ ಮೇಲೆ ನೈಟ್ರೋಜನ್ ಗ್ಯಾಸ್, ಕೆಳಗೆ ಎಣ್ಣೆ. ಚಕ್ರ ಗುಂಡಿಗೆ ಬಿದ್ದು ಮೇಲೆದ್ದಾಗ ಒಂದು ಪಿಸ್ಟನ್ ಎಣ್ಣೆಯನ್ನು ಗೋಳದೊಳಕ್ಕೆ ತಳ್ಳುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗ್ಯಾಸ್ ಕುಗ್ಗುತ್ತದೆ. ಆ ಗ್ಯಾಸೇ ಸ್ಪ್ರಿಂಗ್. ಗೋಳದ ಕುತ್ತಿಗೆಯಲ್ಲಿ ಸಣ್ಣ ವಾಲ್ವ್ ಇದೆ, ಎಣ್ಣೆ ಅದರ ಮೂಲಕ ಕಷ್ಟಪಟ್ಟು ಹರಿಯುತ್ತದೆ. ಅದೇ ಶಾಕ್ ಅಬ್ಸಾರ್ಬರ್. ಇಷ್ಟೇ.

ಇದರ ನಿಜವಾದ ಜಾಣತನ ಎತ್ತರ ಕಾಯುವುದರಲ್ಲಿದೆ. ಹಿಂದೆ ಮೂವರು ಕೂತು, ಡಿಕ್ಕಿ ತುಂಬಿಸಿದರೆ ಬೇರೆ ಕಾರು ಹಿಂದಕ್ಕೆ ಕುಸಿಯುತ್ತದೆ. ಡಿಎಸ್‌ನಲ್ಲಿ ಎತ್ತರ ಅಳೆಯುವ ಒಂದು ವಾಲ್ವ್ ಇದೆ. ಕಾರು ತಗ್ಗಿತು ಅಂದ ಕೂಡಲೇ ಅದು ಇನ್ನಷ್ಟು ಎಣ್ಣೆ ಒಳಗೆ ಬಿಡುತ್ತದೆ, ಕಾರು ಮೊದಲಿನ ಎತ್ತರಕ್ಕೆ ಬಂದು ನಿಲ್ಲುತ್ತದೆ. ಭಾರ ಹೆಚ್ಚಾದಷ್ಟೂ ಗ್ಯಾಸ್ ಕುಗ್ಗಿ ಗಟ್ಟಿಯಾಗುತ್ತದೆ. ಹಾಗಾಗಿ ಒಬ್ಬರೇ ಕೂತರೂ ಐದು ಜನ ಕೂತರೂ ಕಾರಿನ ನಡೆ ಹೆಚ್ಚುಕಡಿಮೆ ಒಂದೇ.

ಈ ಎಣ್ಣೆಗೆ ಒತ್ತಡ ಕೊಡುವುದು ಇಂಜಿನ್ ಬೆಲ್ಟ್‌ನಿಂದ ತಿರುಗುವ ಏಳು ಪಿಸ್ಟನ್‌ನ ಪಂಪು. ಅದೇ ಒತ್ತಡದಿಂದ ಬ್ರೇಕ್, ಸ್ಟೇರಿಂಗ್, ಕ್ಲಚ್, ಗೇರ್ ಎಲ್ಲ ನಡೆಯುತ್ತದೆ. ಬ್ರೇಕ್‌ಗೆ ಪೆಡಲ್ ಇಲ್ಲ, ನೆಲದಲ್ಲಿ ಅಣಬೆ ಆಕಾರದ ರಬ್ಬರ್ ಗುಂಡಿ. ಅದು ಕೆಳಗೆ ಹೋಗುವುದೇ ಇಲ್ಲ ಅನ್ನಬಹುದು, ಎಷ್ಟು ಒತ್ತುತ್ತೀರೋ ಅಷ್ಟು ಹಿಡಿಯುತ್ತದೆ. ಮೊದಲ ಸಲ ಓಡಿಸುವವರು ಜೋರಾಗಿ ತುಳಿದರೆ ಎಲ್ಲರೂ ಮುಂದಕ್ಕೆ ಬೀಳುವುದು ಖಂಡಿತ.

ಟೈರ್ ಪಂಕ್ಚರ್ ಆದರೆ ಜಾಕಿ ಬೇಡ. ಎತ್ತರ ಬದಲಿಸುವ ಸನ್ನೆ (ಲಿವರ್) ಎಳೆದು ಕಾರನ್ನು ಪೂರ್ತಿ ಮೇಲಕ್ಕೆ ಎತ್ತಿ, ಪಕ್ಕದಲ್ಲಿ ಒಂದು ಆಧಾರದ ಕಂಬ ಸಿಕ್ಕಿಸಿ, ಸನ್ನೆಯನ್ನು ಕೆಳಗಿನ ಮಟ್ಟಕ್ಕೆ ತನ್ನಿ. ಕಾರು ಕೆಳಗಿಳಿಯಲು ಹೋಗುತ್ತದೆ, ಆ ಪಕ್ಕ ಕಂಬ ತಡೆಯುತ್ತದೆ, ಚಕ್ರಗಳೇ ನೆಲ ಬಿಟ್ಟು ಮೇಲೇಳುತ್ತವೆ. ಹಿಂದಿನ ಚಕ್ರವಾದರೆ ಮಡ್‌ಗಾರ್ಡ್ ಬಿಚ್ಚಬೇಕು, ಅದಕ್ಕೆ ಇರುವುದು ಒಂದೇ ಬೋಲ್ಟ್.

ಇದರ ಹೈಡ್ರಾಲಿಕ್ ಪೂರ್ತಿ ಪಾಲ್ ಮಾಜೆಸ್ ಅನ್ನುವವರ ಕೆಲಸ. ಕಾರಿನ ಒಟ್ಟು ಇಂಜಿನಿಯರಿಂಗ್ ಆಂದ್ರೆ ಲೆಫೆಬ್ವ್ರ್ ಅವರದು. ಮೈಕಟ್ಟು ಮಾಡಿದವರು ಫ್ಲಾಮಿನಿಯೊ ಬೆರ್ತೋನಿ, ಇಟಲಿಯ ಶಿಲ್ಪಿ. ಶಿಲ್ಪಿ ಮಾಡಿದ ಕಾರು ಅಂತ ಹೇಳಿದರೆ ಸಾಕು, ಪಕ್ಕದಿಂದ ನೋಡಿದವರಿಗೆ ತಾನಾಗೇ ಅರ್ಥವಾಗುತ್ತದೆ. ಮುಂದಿನ ಎರಡು ಚಕ್ರದ ನಡುವೆ ಒಂದೂವರೆ ಮೀಟರ್, ಹಿಂದೆ ಬರೀ 1.3 ಮೀಟರ್. ಮುಂದೆ ಅಗಲ, ಹಿಂದಕ್ಕೆ ಹೋದಂತೆ ಕಿರಿದು.


ಮಿಶಿಗನ್_ಕನ್ನಡಿಗ

ಹುಬ್ಬಳ್ಳಿ ತಮ್ಮನ ಎರಡನೇ ಪ್ರಶ್ನೆ: ಕಡಿಮೆಯೇ. ಇನ್ನೊಂದು ವಿಷಯ, ಆ 162 ಕೂಡ ಚಕ್ರಕ್ಕೆ ತಲುಪುತ್ತಿದ್ದ ಶಕ್ತಿ ಅಲ್ಲ. ಆಗ ಅಮೆರಿಕದಲ್ಲಿ ಗ್ರಾಸ್ ಎಚ್‌ಪಿ ಬರೆಯುತ್ತಿದ್ದರು. ಇಂಜಿನ್ ಮಾತ್ರ ಟೆಸ್ಟ್ ಬೆಂಚ್ ಮೇಲೆ ಇಟ್ಟು, ಅದರ ಶಕ್ತಿ ತಿನ್ನುವ ಪರಿಕರಗಳನ್ನು ತೆಗೆದು ಅಳೆದ ಲೆಕ್ಕ. 1972ರ ಮಾಡೆಲ್‌ಗಳಿಂದ ನೆಟ್ ಲೆಕ್ಕ ಬಂತು. ಹಳೇ ಕ್ಯಾಟಲಾಗ್‌ನಲ್ಲಿ ಅಮೆರಿಕನ್ ಅಂಕಿ ಮತ್ತು ಜರ್ಮನ್ ಡಿಐಎನ್ ಮಾನದಂಡದ ಅಂಕಿ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ, ಲೆಕ್ಕ ತಪ್ಪುತ್ತದೆ.

ಆದರೆ ಈ ಇಂಜಿನ್‌ಗೆ ಇನ್ನೂ ಎಷ್ಟು ಜಾಗ ಇತ್ತು ಅನ್ನುವುದು 1957ರಲ್ಲಿ ಗೊತ್ತಾಯ್ತು. 283 ಘನ ಇಂಚಿಗೆ ಫ್ಯೂಯಲ್ ಇಂಜೆಕ್ಷನ್ ಹಾಕಿ 283 ಎಚ್‌ಪಿ ತೆಗೆದರು. ಬರೀ ಎರಡು ವರ್ಷದಲ್ಲಿ.


ಕುಡ್ಲದ_ಮೆಕ್ಯಾನಿಕ್

ಅಕ್ಕ ವಿವರಿಸಿದ್ದು ಚೆನ್ನಾಗಿದೆ. ಆದರೆ ರಿಪೇರಿ ಮಾಡುವವರ ಕಡೆಯಿಂದಲೂ ಸ್ವಲ್ಪ ನೋಡಿ ಮಾರಾಯ್ರೆ.

ನಾನು ಡಿಎಸ್ ಮುಟ್ಟಿಲ್ಲ. ಆದರೆ ಅದರ ವರ್ಕ್‌ಶಾಪ್ ಕೈಪಿಡಿ ಓದಿದ್ದೇನೆ. ಒಂದೇ ಎಣ್ಣೆ ಬ್ರೇಕಿಗೂ, ಗೇರಿಗೂ, ಸ್ಟೇರಿಂಗಿಗೂ ಅಂದರೆ, ಒಂದು ಕಡೆ ಸೋರಿಕೆ ಆದರೆ ಎಲ್ಲಕ್ಕೂ ತೊಂದರೆ. ಅದಕ್ಕೇ ಅವರು ಬ್ರೇಕಿಗೆ ಬೇರೆ ಒತ್ತಡ ಉಳಿಸಿಡುವ ವ್ಯವಸ್ಥೆ ಮಾಡಿದ್ದಾರೆ. ಮೊದಲ ಕೆಲವು ವರ್ಷ ಸೋರಿಕೆ ದೂರು ತುಂಬ ಇತ್ತು. ಕಾರು ಬೇಗ ಬಂತು, ಅದನ್ನು ಬಿಚ್ಚಲು ಕಲಿತ ಮೆಕ್ಯಾನಿಕ್‌ಗಳು ಬಂದದ್ದು ತಡವಾಗಿ.

ಯಾರಾದರೂ ಹೊರದೇಶದಲ್ಲಿ ಡಿಎಸ್ ಕೊಳ್ಳುವ ಯೋಚನೆ ಇದ್ದರೆ ಮೊದಲು ಎಣ್ಣೆಯ ಬಣ್ಣ ನೋಡಿ. ಹಳೇ ಗಾಡಿಗಳಲ್ಲಿ ಕೆಂಪು ಎಲ್‌ಎಚ್‌ಎಸ್. 1966ರ ಕೊನೆಯಿಂದ ಹಸಿರು ಎಲ್‌ಎಚ್‌ಎಂ, ಅದು ಖನಿಜ ಎಣ್ಣೆ. ಹಸಿರು ಎಣ್ಣೆಯ ಗಾಡಿಯಲ್ಲಿ ಗೋಳ ಮುಂತಾದ ಭಾಗಗಳಿಗೂ ಹಸಿರು ಬಣ್ಣ ಬಳಿದಿರುತ್ತಾರೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ರಬ್ಬರ್ ಸೀಲ್‌ಗಳೆಲ್ಲ ಹಾಳು. ಇಡೀ ವ್ಯವಸ್ಥೆ ಬಿಚ್ಚಬೇಕಾಗುತ್ತದೆ. ಕೆಂಪು ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ, ಒಳಗೆ ತುಕ್ಕು ಹಿಡಿಸುತ್ತದೆ. ಹಾಗಾಗಿ ಹಸಿರಿನದೇ ಮೇಲು.

ಗೋಳದ ಗ್ಯಾಸ್ ಪರದೆಯಿಂದ ನಿಧಾನಕ್ಕೆ ಸೋರುತ್ತದೆ. ಗಾಡಿ ಗಟ್ಟಿಯಾಗಿ ಕುಕ್ಕಲು ಶುರು ಮಾಡಿದರೆ ಗ್ಯಾಸ್ ಇಳಿದಿದೆ ಅಂತ ಅರ್ಥ. ಕೆಟ್ಟಿದೆ ಅಂತ ಹೆದರಬೇಕಿಲ್ಲ, ಗ್ಯಾಸ್ ತುಂಬಿಸಬಹುದು. ಹೆದರಬೇಕಾದದ್ದು ತುಕ್ಕಿಗೆ. ಹೊರಗಿನ ಬಾಗಿಲು, ಮಡ್‌ಗಾರ್ಡ್ ಎಲ್ಲ ಬೋಲ್ಟ್ ಹಾಕಿದ ತಗಡು, ಬದಲಾಯಿಸಬಹುದು. ಒಳಗಿನ ಪೆಟ್ಟಿಗೆ ಚಾಸಿ ಕೊಳೆತಿದ್ದರೆ ಹೊರಗೆ ಎಷ್ಟೇ ಹೊಳೆದರೂ ಬೇಡ. ಬಾಗಿಲ ಕೆಳಗಿನ ಸಿಲ್ ಮತ್ತು ಡಿಕ್ಕಿಯ ನೆಲ ತಟ್ಟಿ ನೋಡದೆ ದುಡ್ಡು ಕೊಡಬೇಡಿ.

ಶೆವರ್ಲೆ ಬಗ್ಗೆ ಒಂದೇ ಮಾತು. 1955ರ 265 ಬ್ಲಾಕ್‌ನಲ್ಲಿ ಆಯಿಲ್ ಫಿಲ್ಟರ್‌ಗೆ ಜಾಗವೇ ಇಲ್ಲ. 1956ರಿಂದ ಬಂತು. ಮೊದಲ ವರ್ಷದ ಗಾಡಿ ಇಟ್ಟುಕೊಂಡವರು ಆಯಿಲ್ ಬದಲಾಯಿಸುವುದರಲ್ಲಿ ಜಿಪುಣತನ ಮಾಡಬಾರದು.


ಲಂಡನ್_ಲಹರಿ

ಇಲ್ಲಿ ಒಂದು ವಿಷಯ ಯಾರೂ ಎತ್ತಲಿಲ್ಲ. ಯುರೋಪಿನವರು ಸಣ್ಣ ಇಂಜಿನ್ ಹಾಕಿದ್ದು ಇಷ್ಟಪಟ್ಟು ಅಲ್ಲ. ತೆರಿಗೆ.

ಫ್ರಾನ್ಸ್‌ನಲ್ಲಿ ಕಾರಿನ ತೆರಿಗೆ ಇಂಜಿನ್ ಗಾತ್ರದ ಮೇಲೆ ಹೊಂದಿಕೊಂಡಿತ್ತು. ಯುದ್ಧದ ನಂತರ ದೊಡ್ಡ ಇಂಜಿನ್‌ಗೆ ಎಷ್ಟು ತೆರಿಗೆ ಹಾಕಿದರು ಅಂದರೆ ಡೆಲಾಹೆ, ಡೆಲಾಜ್ ಥರದ ದೊಡ್ಡ ಐಷಾರಾಮಿ ಕಾರುಗಳು ಉಳಿಯಲೇ ಇಲ್ಲ. ಡಿಎಸ್ ಆ ನೆಲದಲ್ಲಿ ಹುಟ್ಟಿದ್ದು. ಶಕ್ತಿ ಹೆಚ್ಚಿಸಲು ದಾರಿ ಇಲ್ಲ ಅಂದಾಗ, ಇರುವ ಶಕ್ತಿಯಲ್ಲಿ ಕೆಟ್ಟ ರಸ್ತೆಯಲ್ಲೂ ವೇಗ ಇಳಿಸದೆ ಹೋಗುವುದು ಹೇಗೆ ಅಂತ ಯೋಚಿಸಿದರು. ಗಾಳಿ ಸೀಳುವ ಮೈ, ರಸ್ತೆ ಬಿಡದ ಚಕ್ರ. 75 ಎಚ್‌ಪಿಯಲ್ಲಿ 140 ಕಿ.ಮೀ. ವೇಗ ಬಂದದ್ದು ಹೀಗೆ.

ಬ್ರಿಟನ್ನಿನ ಕಥೆ ಇನ್ನೂ ವಿಚಿತ್ರ. ಇಲ್ಲಿ ಆರ್‌ಎಸಿ ಹಾರ್ಸ್‌ಪವರ್ ಅಂತ ಒಂದು ಲೆಕ್ಕ ಇತ್ತು. ಸಿಲಿಂಡರ್ ಎಷ್ಟು, ಅದರ ವ್ಯಾಸ ಎಷ್ಟು, ಇಷ್ಟನ್ನೇ ನೋಡಿ ತೆರಿಗೆ. ಸ್ಟ್ರೋಕ್ ಲೆಕ್ಕಕ್ಕೇ ಇಲ್ಲ! ಆಗ ಕಂಪನಿಗಳು ಏನು ಮಾಡಿದವು? ಬೋರ್ ಕಿರಿದು, ಸ್ಟ್ರೋಕ್ ಉದ್ದ. ಅಂಥ ಇಂಜಿನ್ ಕೆಳಗಿನ ವೇಗದಲ್ಲಿ ಚೆನ್ನಾಗಿ ಎಳೆಯುತ್ತದೆ, ಆದರೆ ಜಾಸ್ತಿ ಸುತ್ತು ತಿರುಗಲು ಒಪ್ಪುವುದಿಲ್ಲ. 1940ರ ದಶಕದ ಕೊನೆಗೆ ಆ ತೆರಿಗೆ ಹೋಯಿತು, ಅಭ್ಯಾಸ ಮಾತ್ರ ಬೇಗ ಹೋಗಲಿಲ್ಲ. ಮಿಶಿಗನ್‌ನವರು ಹೇಳಿದ 3.75 ಬೋರ್, 3 ಸ್ಟ್ರೋಕ್ ಇದೆಯಲ್ಲ, ಆ ತೆರಿಗೆಯ ಕೆಳಗೆ ಅಂಥದ್ದನ್ನು ಯಾರೂ ಮಾಡುತ್ತಿರಲಿಲ್ಲ.

ಅಮೆರಿಕದಲ್ಲಿ ಪೆಟ್ರೋಲ್ ಅಗ್ಗ, ರಸ್ತೆ ನೇರ. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಹೆದ್ದಾರಿ ಕಾಯ್ದೆಯಿಂದ 41,000 ಮೈಲಿಯ ಹೆದ್ದಾರಿ ಜಾಲಕ್ಕೆ ದಾರಿಯಾಯಿತು. ಅದೇ ವರ್ಷ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಇಲ್ಲಿ ಬ್ರಿಟನ್ನಿನಲ್ಲಿ ಪೆಟ್ರೋಲ್‌ಗೆ ರೇಷನ್ ಬಂತು. ಅದರ ಫಲ 1959ರ ಮಿನಿ. ಅಲೆಕ್ ಇಸಿಗೋನಿಸ್ ಇಂಜಿನ್ ಅಡ್ಡ ಇಟ್ಟು, ಗೇರ್‌ಬಾಕ್ಸ್ ಅದರ ಕೆಳಗಿನ ಆಯಿಲ್ ಸಂಪ್‌ನಲ್ಲೇ ಇಟ್ಟು, ಹತ್ತು ಅಡಿ ಉದ್ದದಲ್ಲಿ ನಾಲ್ಕು ಜನರನ್ನು ಕೂರಿಸಿದರು. ಇವತ್ತು ನಿಮ್ಮ ಮನೆ ಮುಂದಿನ ಸಣ್ಣ ಕಾರಿನ ಬಾನೆಟ್ ಎತ್ತಿ, ಇಂಜಿನ್ ಅಡ್ಡಕ್ಕೇ ಇರುತ್ತದೆ. ದೊಡ್ಡ ಹೆಜ್ಜೆ ಅಂತ ಹುಡುಕುವುದಾದರೆ ನಾನು ಮಿನಿಗೇ ಓಟು ಹಾಕುತ್ತೇನೆ.

ಅಂದಹಾಗೆ, ಮಿನಿಗೂ ಡಿಎಸ್‌ಗೂ ಒಂದು ಹಳೇ ಲೆಕ್ಕ ಬಾಕಿ ಇದೆ. 1966ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಮೊದಲ ಮೂರೂ ಸ್ಥಾನ ಮಿನಿಗೆ ಬಂದಿತ್ತು. ಹೆಡ್‌ಲೈಟ್ ಬಲ್ಬು ನಿಯಮಕ್ಕೆ ಸರಿ ಇಲ್ಲ ಅಂತ ಮೂರನ್ನೂ ಅನರ್ಹ ಮಾಡಿದರು. ಪಾಉಲಿ ಟೊಯ್ವೊನೆನ್ ಓಡಿಸಿದ ಡಿಎಸ್ ಗೆದ್ದಿತು ಅಂತ ಘೋಷಿಸಿದರು. ಇಲ್ಲಿನ ಹಳಬರು ಇವತ್ತಿಗೂ ಅದನ್ನು ಮರೆತಿಲ್ಲ.


ದಾವಣಗೆರೆ_ಗೇರ್

ಎಲ್ಲ ಸರಿ. ಆದರೆ 70 ವರ್ಷ ಆದ ಮೇಲೂ ದಿನನಿತ್ಯ ದುಡಿಯುತ್ತಿರುವುದು ಯಾವುದು ಅಂತ ನೋಡಿದರೆ ಉತ್ತರ ಹವಾನಾದಲ್ಲಿ ಸಿಗುತ್ತದೆ. 1959ರ ಕ್ರಾಂತಿ, ಆಮೇಲೆ ಅಮೆರಿಕದ ನಿರ್ಬಂಧ. ಹೊಸ ಕಾರು, ಬಿಡಿಭಾಗ ಎರಡೂ ನಿಂತವು. ಕ್ಯೂಬಾದ ಜನ 50ರ ದಶಕದ ಶೆವರ್ಲೆ, ಬ್ಯೂಕ್, ಪ್ಲಿಮತ್‌ಗಳನ್ನೇ ಟ್ಯಾಕ್ಸಿ ಮಾಡಿ ಓಡಿಸಿದರು. ಎಷ್ಟೋ ಗಾಡಿಯಲ್ಲಿ ಮೂಲ ಇಂಜಿನ್ ಇಲ್ಲ, ರಷ್ಯದ ಕಾರಿನದೋ ಯಾವುದೋ ಡೀಸೆಲ್ಲೋ ಕೂತಿದೆ. ಪ್ರತ್ಯೇಕ ಚಾಸಿ, ಪಟ್ಟಿ ಸ್ಪ್ರಿಂಗ್, ದೊಡ್ಡ ಇಂಜಿನ್ ಕೋಣೆ ಇದ್ದದ್ದಕ್ಕೇ ಇದೆಲ್ಲ ಆಯಿತು. ತುಂಗಾತೀರ ಅವರು ಹಳೇದು ಅಂತ ಬದಿಗೆ ಸರಿಸಿದ ಆ ಅಡಿಭಾಗವೇ ಅಲ್ಲಿ ಗಾಡಿಯನ್ನು ಉಳಿಸಿದೆ. ಹೈಡ್ರಾಲಿಕ್ ಗಾಡಿಯನ್ನು ಹಾಗೆ ಉಳಿಸಿಕೊಳ್ಳಲು ಆಗುತ್ತಿತ್ತಾ?


ತುಂಗಾತೀರ (ಶಿವಮೊಗ್ಗ)

ದಾವಣಗೆರೆ ಅಣ್ಣ, ಒಳ್ಳೆಯ ಮಾತು. ಆ ಜನರ ಕೈಚಳಕಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಅದು ಉಳಿವಿನ ಮಾತಾಯಿತು, ಹೆಜ್ಜೆಯ ಮಾತಲ್ಲ.

ಡಿಎಸ್ ಬಗ್ಗೆ ಇನ್ನೊಂದು ಘಟನೆ ನೆನಪಿಸಿಕೊಳ್ಳಿ. 1962ರ ಆಗಸ್ಟ್ 22, ಪ್ಯಾರಿಸ್ ಹೊರವಲಯದ ಪೆತಿ ಕ್ಲಮಾರ್. ಫ್ರಾನ್ಸ್ ಅಧ್ಯಕ್ಷ ದ ಗಾಲ್ ಕೂತಿದ್ದ ಡಿಎಸ್ ಮೇಲೆ ಗುಂಡಿನ ಮಳೆ. ಟೈರ್ ಸಿಡಿದವು. ಚಾಲಕ ಕಾರು ನಿಲ್ಲಿಸದೆ ಓಡಿಸಿಕೊಂಡು ಹೋದ, ಅಧ್ಯಕ್ಷರು, ಅವರ ಹೆಂಡತಿ ಇಬ್ಬರೂ ಉಳಿದರು. ಚಾಲಕನ ಧೈರ್ಯ ದೊಡ್ಡದು. ಜೊತೆಗೆ ಟೈರ್ ಹೋದರೂ ದಾರಿ ತಪ್ಪದ ಆ ಕಾರಿನ ಕಟ್ಟುವಿಕೆಯೂ ದೊಡ್ಡದು.

1967ರಲ್ಲಿ ಮುಂದಿನ ದೀಪಗಳನ್ನು ಗಾಜಿನ ಹಿಂದೆ ಇಟ್ಟು, ಸ್ಟೇರಿಂಗ್ ತಿರುಗಿಸಿದಂತೆ ಒಳಗಿನ ದೀಪವೂ ತಿರುಗುವ ಹಾಗೆ ಮಾಡಿದರು. ಆಗುಂಬೆ ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಅದರ ಬೆಲೆ ಗೊತ್ತು. ಅಮೆರಿಕದ ನಿಯಮ ಅದಕ್ಕೆ ಒಪ್ಪಲಿಲ್ಲ, ಅಲ್ಲಿಗೆ ಹೋದ ಡಿಎಸ್‌ಗಳಿಗೆ ಆ ದೀಪವೇ ಇರಲಿಲ್ಲ.


ಸ್ಟುಟ್‌ಗಾರ್ಟ್_ಅಕ್ಕ

ಡಿಎಸ್‌ನ ದಾರಿ ಅಲ್ಲಿಗೇ ನಿಲ್ಲಲಿಲ್ಲ ಅನ್ನುವುದನ್ನೂ ಸೇರಿಸುತ್ತೇನೆ. 1965ರ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೊ ಕಾರಿನ ಎತ್ತರ ಕಾಯುವ ವ್ಯವಸ್ಥೆ ಸಿಟ್ರೊಯೆನ್‌ನಿಂದ ಲೈಸೆನ್ಸ್ ಪಡೆದದ್ದು. ನಮ್ಮೂರಿನ ಮರ್ಸಿಡಿಸ್ ಕೂಡ 1975ರ 450 ಎಸ್‌ಇಎಲ್ 6.9 ಕಾರಿಗೆ ಗ್ಯಾಸ್ ಮತ್ತು ಎಣ್ಣೆಯ ಸಸ್ಪೆನ್ಷನ್ ಹಾಕಿತು.

ಇನ್ನೊಂದು. ಅಮೆರಿಕ ಒಂದು ಕಡೆ, ಯುರೋಪ್ ಒಂದು ಕಡೆ ಅಂತ ಗೆರೆ ಎಳೆಯುವುದು ಅಷ್ಟು ಸುಲಭ ಅಲ್ಲ. ಬಾಗಿಲು ರೆಕ್ಕೆಯ ಹಾಗೆ ಮೇಲಕ್ಕೆ ತೆರೆಯುವ ಮರ್ಸಿಡಿಸ್ 300 ಎಸ್‌ಎಲ್ ಮೊದಲು ಜನರ ಮುಂದೆ ಬಂದದ್ದು ಜರ್ಮನಿಯಲ್ಲಲ್ಲ, 1954ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ. ಅಂಥ ಕಾರು ಬೇಕು ಅಂತ ಹಟ ಹಿಡಿದವರು ಅಲ್ಲಿನ ಆಮದುದಾರ ಮ್ಯಾಕ್ಸ್ ಹಾಫ್‌ಮನ್. ಆ ಬಾಗಿಲು ಕೂಡ ಸ್ಟೈಲ್‌ಗೆ ಮಾಡಿದ್ದಲ್ಲ. ರೇಸ್ ಕಾರಿನಿಂದ ಬಂದ ಪೈಪುಗಳ ಚಾಸಿ ಪಕ್ಕದಲ್ಲಿ ತುಂಬ ಎತ್ತರ ಇತ್ತು, ಮಾಮೂಲಿ ಬಾಗಿಲಿಗೆ ಜಾಗವೇ ಇರಲಿಲ್ಲ. ಕೂಪೆ ಮಾಡಿದ್ದು 1,400 ಮಾತ್ರ. ಮ್ಯೂಸಿಯಂನಲ್ಲಿ ಅದರ ಮುಂದೆ ನಿಂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ ನನಗೆ.


ಬಸವನಗುಡಿ_ಹಿರಿಯ

ಮಕ್ಕಳೇ, ಚರ್ಚೆ ಓದಿ ಖುಷಿಯಾಯಿತು. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಹಳೇ ಕಾರು ಗಟ್ಟಿ, ಡಿಕ್ಕಿ ಹೊಡೆದರೂ ಏನೂ ಆಗುವುದಿಲ್ಲ ಅಂತ ಹೇಳುವವರು ಇದ್ದಾರೆ. ನಂಬಬೇಡಿ. 2009ರಲ್ಲಿ ಅಮೆರಿಕದ ಐಐಎಚ್‌ಎಸ್ ಎಂಬ ರಸ್ತೆ ಸುರಕ್ಷತಾ ಸಂಸ್ಥೆ 1959ರ ಬೆಲ್ ಏರ್ ಮತ್ತು 2009ರ ಶೆವರ್ಲೆ ಮಾಲಿಬು, ಎರಡನ್ನೂ ಎದುರುಬದುರು ಗುದ್ದಿಸಿ ತೋರಿಸಿತು. ಬೆಲ್ ಏರ್‌ನ ಚಾಲಕನ ಜಾಗ ನಜ್ಜುಗುಜ್ಜಾಯಿತು. ಮಾಲಿಬುವಿನದು ಉಳಿಯಿತು. ಆಗಿನ ಸ್ಟೇರಿಂಗ್ ಕಂಬ ಕುಗ್ಗುವಂಥದ್ದಲ್ಲ, ನೇರ ಎದೆಗೇ ಬರುತ್ತದೆ. ಮೂರು ಕಡೆ ಕಟ್ಟುವ ಸೀಟ್ ಬೆಲ್ಟ್ ವೋಲ್ವೊದವರು ಕಾರಿಗೆ ಹಾಕಲು ಶುರು ಮಾಡಿದ್ದೇ 1959ರಲ್ಲಿ.

ಹಳೇ ಗಾಡಿಗೆ ಬೆಲ್ಟ್ ಹಾಕಿಸುವುದರಿಂದ ಅದರ ಅಸಲಿತನ ಹೋಗುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಸರಿಯಾದ ಕಡೆ ಗಟ್ಟಿ ತಗಡು ಕೊಟ್ಟು ಬೆಲ್ಟ್ ಹಾಕಿಸಿ, ನಿಧಾನಕ್ಕೆ ಓಡಿಸಿ.


ಮಿಶಿಗನ್_ಕನ್ನಡಿಗ

ಹಿರಿಯರ ಮಾತಿಗೆ ಪೂರ್ತಿ ಒಪ್ಪಿಗೆ. ಬೆಲ್ಟ್ ಜೊತೆಗೆ ಮುಂದೆ ಡಿಸ್ಕ್ ಬ್ರೇಕ್ ಹಾಕಿಸುವವರೂ ಇಲ್ಲಿ ತುಂಬ ಜನ. ಟ್ರೈ ಫೈವ್‌ಗೆ ಅದರ ಕಿಟ್ ಸುಲಭವಾಗಿ ಸಿಗುತ್ತದೆ. ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಹಳೇ ಸಿಂಗಲ್ ಮಾಸ್ಟರ್ ಸಿಲಿಂಡರ್ ತೆಗೆದು ಎರಡು ಭಾಗದ್ದು ಹಾಕಿಸುವುದು ಅದಕ್ಕಿಂತ ಮುಖ್ಯ. ಒಂದು ಪೈಪು ಒಡೆದರೂ ಎರಡು ಚಕ್ರದ ಬ್ರೇಕ್ ಉಳಿಯುತ್ತದೆ.

ಕೊಳ್ಳುವವರಿಗೆ: ಮಿಶಿಗನ್ ಗಾಡಿ ಬೇಡ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಡಿಭಾಗ ತಿಂದುಹಾಕುತ್ತದೆ. ಅರಿಜೋನ, ಕ್ಯಾಲಿಫೋರ್ನಿಯ ಕಡೆಯ ಗಾಡಿ ಹುಡುಕಿ. ಬಿಸಿಲಿಗೆ ಪೇಂಟ್, ಸೀಟು ಹೋಗಿರುತ್ತದೆ, ಕಬ್ಬಿಣ ಚೆನ್ನಾಗಿರುತ್ತದೆ.


ಸ್ಟುಟ್‌ಗಾರ್ಟ್_ಅಕ್ಕ

ಇಲ್ಲಿ ಹಾಗೆ ಬೇಕಾದ್ದು ಬದಲಾಯಿಸಲು ಬಿಡುವುದಿಲ್ಲ. 30 ವರ್ಷ ದಾಟಿದ ಕಾರಿಗೆ ನಂಬರ್ ಪ್ಲೇಟ್ ಕೊನೆಯಲ್ಲಿ ಎಚ್ ಅಕ್ಷರ ಕೊಡುತ್ತಾರೆ. ಇಂಜಿನ್ ಎಷ್ಟೇ ದೊಡ್ಡದಿರಲಿ, ವರ್ಷಕ್ಕೆ ಸುಮಾರು 192 ಯೂರೋ ತೆರಿಗೆ. ಊರೊಳಗಿನ ಮಾಲಿನ್ಯ ನಿಯಂತ್ರಣ ಪ್ರದೇಶಕ್ಕೂ ಪ್ರವೇಶ ಇದೆ. ಆದರೆ ಕಾರು ಮೂಲ ಸ್ಥಿತಿಗೆ ಹತ್ತಿರ ಇರಬೇಕು, ಪರೀಕ್ಷಕರು ನೋಡಿ ಒಪ್ಪಬೇಕು. ಆ ಕಾಲದಲ್ಲಿ ಜನ ಮಾಡುತ್ತಿದ್ದ ಬದಲಾವಣೆಗೆ ಒಪ್ಪಿಗೆ ಸಿಗುತ್ತದೆ. ನನಗೆ ಈ ಪದ್ಧತಿ ಇಷ್ಟ. ಕಾರು ಬೀದಿಯಲ್ಲೂ ಉಳಿಯುತ್ತದೆ, ತನ್ನ ರೂಪದಲ್ಲೂ ಉಳಿಯುತ್ತದೆ.


ತುಂಗಾತೀರ (ಶಿವಮೊಗ್ಗ)

ನಮ್ಮಲ್ಲೂ 2021ರಿಂದ ನಿಯಮ ಇದೆ ಅಕ್ಕ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಗೆ ವಿಂಟೇಜ್ ನೋಂದಣಿ, ನಂಬರ್‌ನಲ್ಲಿ ವಿಎ ಅಕ್ಷರ. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಅದನ್ನು ದಿನಾ ಓಡಾಡಲು ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ.

ಮೂಲ ಪ್ರಶ್ನೆಗೆ ಬರುತ್ತೇನೆ. ಲಂಡನ್‌ನವರ ತೆರಿಗೆಯ ಮಾತು ಓದಿದ ಮೇಲೆ ನನಗೆ ಈ ಎರಡು ಕಾರು ಇನ್ನೂ ಸ್ಪಷ್ಟವಾಗಿ ಕಾಣುತ್ತಿವೆ. ಶೆವರ್ಲೆಯವರು ಬಲವನ್ನು ಎಲ್ಲರಿಗೂ ಎಟುಕುವ ಬೆಲೆಗೆ ತಂದರು. ಸಿಟ್ರೊಯೆನ್‌ನವರು ಬಲ ಇಲ್ಲದೆಯೂ ಸುಖವಾಗಿ, ಬೇಗ ಹೋಗುವುದು ಹೇಗೆ ಅಂತ ತೋರಿಸಿದರು. 1955ರ ಒಂದೇ ಮಾಡೆಲ್ ವರ್ಷದಲ್ಲಿ ಸುಮಾರು 17 ಲಕ್ಷ ಶೆವರ್ಲೆ ತಯಾರಾದವು. ಡಿಎಸ್ 20 ವರ್ಷದಲ್ಲಿ 14 ಲಕ್ಷದ ಮೇಲೆ. ಆದರೂ ನನ್ನ ಓಟು ಡಿಎಸ್‌ಗೇ. ನಮ್ಮ ಮಲೆನಾಡಿನ ರಸ್ತೆಯಲ್ಲಿ ಮಳೆಗಾಲ ಕಳೆದವನಿಗೆ ರಸ್ತೆಯನ್ನು ಗೆಲ್ಲುವ ಕಾರೇ ದೊಡ್ಡದು.


ಹುಬ್ಬಳ್ಳಿ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಇಂಥ ಗಾಡಿ ನಮ್ಮ ಕಡೆ ಎಲ್ಲಿ ನೋಡಲು ಸಿಗುತ್ತವೆ? ಇನ್ನೊಂದು, ನಮ್ಮ ಅಜ್ಜನ ಫಿಯಟ್ 1100 ಕೊಟ್ಟಿಗೆಯಲ್ಲಿ ನಿಂತಿದೆ. ಬಹಳ ವರ್ಷ ಆಯ್ತು ಸ್ಟಾರ್ಟ್ ಮಾಡಿಲ್ಲ. ಬ್ಯಾಟರಿ ಹಾಕಿ ನೋಡಲಾ?


ಬಸವನಗುಡಿ_ಹಿರಿಯ

ಶ್ರೀರಂಗಪಟ್ಟಣದ ಹತ್ತಿರ ಪಯಣ ಕಾರ್ ಮ್ಯೂಸಿಯಂ ಇದೆ, ಧರ್ಮಸ್ಥಳದವರ ಸಂಗ್ರಹ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವೂ ಇದೆ. ಹೋಗುವಾಗ ಒಂದು ನೋಟ್‌ಬುಕ್ ಇಟ್ಟುಕೊಂಡು ಹೋಗಪ್ಪ.


ಕುಡ್ಲದ_ಮೆಕ್ಯಾನಿಕ್

ಬ್ಯಾಟರಿ ಹಾಕಬೇಡ ತಮ್ಮಾ! ಮೊದಲು ನಾಲ್ಕೂ ಪ್ಲಗ್ ಬಿಚ್ಚು. ಪ್ರತಿ ಸಿಲಿಂಡರ್‌ಗೆ ಸ್ವಲ್ಪ ತೆಳು ಆಯಿಲ್ ಬಿಟ್ಟು ಒಂದೆರಡು ದಿನ ಬಿಡು. ಆಮೇಲೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ ಕೈಯಿಂದ ನಿಧಾನಕ್ಕೆ ತಿರುಗಿಸಿ ನೋಡು. ತಿರುಗದಿದ್ದರೆ ಜೋರು ಮಾಡಬೇಡ, ಇನ್ನೂ ಆಯಿಲ್ ಬಿಡು, ಕಾಯು. ರಿಂಗ್ ಹಿಡಿದಿರುವಾಗ ಸ್ಟಾರ್ಟರ್‌ನಿಂದ ಎಳೆದರೆ ಪಿಸ್ಟನ್ ಹೋಗುತ್ತದೆ.

ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆ. ಅದು ವಾರ್ನಿಷ್ ಆಗಿರುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ, ಕಾರ್ಬುರೇಟರ್ ವಾಷರ್ ಎಲ್ಲ ಹೊಸದು ಹಾಕಿಸು. ಈಗಿನ ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಇದೆ, ಆ ಕಾಲದ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಕೊಳ್ಳುವಾಗ ಎಥನಾಲ್ ತಡೆಯುವ ಪೈಪೇ ಕೇಳು. ಬ್ರೇಕ್ ಹೋಸ್, ವೀಲ್ ಸಿಲಿಂಡರ್ ಕಿಟ್ ಕೂಡ ಬದಲಾಯಿಸು, ಇಂಜಿನ್ ಸ್ಟಾರ್ಟ್ ಆಗುವ ಮುಂಚೆ ನಿಲ್ಲುವುದು ಖಾತ್ರಿ ಆಗಬೇಕು.

ಅಷ್ಟಾದ ಮೇಲೆ ಆಯಿಲ್ ಬದಲಾಯಿಸಿ, ರೇಡಿಯೇಟರ್‌ಗೆ ನೀರು ಬಿಟ್ಟು, ಆಗ ಬ್ಯಾಟರಿ ಹಾಕು. ಕಾರ್ಬುರೇಟರ್ ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋಟೊ ತೆಗೆದು ಇಲ್ಲಿ ಹಾಕು, ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತಿನ ಭಾಗ) ಯಾವುದು ಎಲ್ಲಿ ಅಂತ ನಾನು ಹೇಳುತ್ತೇನೆ.